ಹೋದಲ್ಲೆಲ್ಲ ಹೆಸರು ಬರೆಸಿ ಬರುವ ಲ್ಯಾಪ್‌ಟಾಪ್

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಸ್ಥೆಯವರು ಕೊಟ್ಟ ವಿಂಡೋಸ್ 11 ಲ್ಯಾಪ್‌ಟಾಪ್ ಹಿಡಿದು ಆಗಾಗ ಗ್ರಾಹಕ ಸಂಸ್ಥೆಗಳಿಗೆ ಹೋಗುತ್ತೇನೆ. ಉಳಿದ ದಿನಗಳಲ್ಲಿ ಮನೆಯಿಂದಲೇ ವಿಪಿಎನ್ (ಇಂಟರ್ನೆಟ್ಟಿನಲ್ಲಿ ಕಚೇರಿಯ ಜಾಲಕ್ಕೆ ಹೋಗುವ ಸುರಕ್ಷಿತ ದಾರಿ) ಮೂಲಕ ಕೆಲಸ. ಇತ್ತೀಚೆಗೆ ಎರಡು ಕಡೆಯಿಂದ ದೂರು ಬಂದಿದೆ. ನಾನು ಹೋಗಿದ್ದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದವರು, ನನ್ನ ಲ್ಯಾಪ್‌ಟಾಪ್ ಅವರ ಡಿಎನ್‌ಎಸ್ ಸರ್ವರ್‌ನಲ್ಲಿ (ಕಂಪ್ಯೂಟರ್‌ಗಳ ಹೆಸರು, ವಿಳಾಸಗಳ ಪಟ್ಟಿ ಇಡುವ ಯಂತ್ರ) ಅವರದೇ ಡೊಮೈನ್ ಹೆಸರನ್ನು, ಅಂದರೆ ಅವರ ಜಾಲದ ಹೆಸರನ್ನು, ಬಾಲಕ್ಕೆ ಸೇರಿಸಿಕೊಂಡು ತಾನಾಗಿಯೇ ನೋಂದಾಯಿಸಿಕೊಂಡಿದೆ ಎಂದು ಆಕ್ಷೇಪಿಸಿದ್ದಾರೆ. ನಮ್ಮ ಸಂಸ್ಥೆಯ ಐಟಿ ವಿಭಾಗದವರಾದರೋ, ನಮ್ಮ ಸರ್ವರ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ನ ಹೆಸರಿನೆದುರು 192.168.1 ಎಂದು ಆರಂಭವಾಗುವ ನನ್ನ ಮನೆಯ ವಿಳಾಸ ಕಾಣುತ್ತಿದೆ, ಹೀಗಾಗಿ ದೂರದಿಂದ ರಿಪೇರಿ ಮಾಡಲು ಆಗುತ್ತಿಲ್ಲ ಎನ್ನುತ್ತಿದ್ದಾರೆ. ಸಾಲದ್ದಕ್ಕೆ ರೈಲು ನಿಲ್ದಾಣದಲ್ಲಿ ಕುಳಿತಾಗ ನನ್ನನ್ನು ಕೇಳದೆಯೇ ಅಲ್ಲಿನ ವೈ-ಫೈಗೆ ಸೇರಿಕೊಳ್ಳುತ್ತದೆ. ಇದು ವೈರಸ್ಸಿನ ಕೆಲಸವೇ? ಫಾರ್ಮ್ಯಾಟ್ ಮಾಡಿಸಬೇಕೇ?

ಉತ್ತರ: ವೈರಸ್ ಅಲ್ಲ, ಫಾರ್ಮ್ಯಾಟ್ ಮಾಡಿಸುವ ಅಗತ್ಯವೂ ಇಲ್ಲ. ಕಚೇರಿಯೊಳಗೆ ಇರಲಿ ಎಂದು ಕೊಟ್ಟ ಅಭ್ಯಾಸಗಳನ್ನು ನಿಮ್ಮ ಲ್ಯಾಪ್‌ಟಾಪ್ ಕಚೇರಿಯ ಹೊರಗೂ ಪಾಲಿಸುತ್ತಿದೆ, ಅಷ್ಟೆ. ಆದರೆ ನೀವು ಒಂದೇ ಉಸಿರಿನಲ್ಲಿ ಹೇಳಿದ ಮೂರು ಸಂಗತಿಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಯಾರ ಪಟ್ಟಿಯಲ್ಲಿ, ಯಾವ ವಿಳಾಸದೊಂದಿಗೆ, ಯಾವ ಬಾಲದೊಂದಿಗೆ ನಿಮ್ಮ ಲ್ಯಾಪ್‌ಟಾಪ್‌ನ ಹೆಸರು ಕಾಣಿಸಿತು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳದೆ ಸೆಟ್ಟಿಂಗ್ಸ್‌ಗೆ ಕೈ ಹಾಕಿದರೆ, ಒಂದನ್ನು ಸರಿಪಡಿಸಲು ಹೋಗಿ ಸರಿಯಾಗಿದ್ದ ಇನ್ನೊಂದನ್ನು ಕೆಡಿಸಿದಂತಾಗುತ್ತದೆ.

ಯಾವುದೇ ಜಾಲಕ್ಕೆ ಸೇರುವ ಕಂಪ್ಯೂಟರ್ ಮೊದಲು ಮಾಡುವ ಕೆಲಸವೆಂದರೆ ಅಲ್ಲಿನ ಡಿಎಚ್‌ಸಿಪಿ ಸರ್ವರ್ ಬಳಿ ಒಂದು ಐಪಿ ವಿಳಾಸವನ್ನು ಕೇಳುವುದು. ಮನೆಗಳಲ್ಲಿ ಈ ಸರ್ವರ್ ರೌಟರಿನೊಳಗೇ ಇರುತ್ತದೆ. ಲಾಡ್ಜಿನಲ್ಲಿ ಕೋಣೆ ಕೇಳುವವರು ರಿಜಿಸ್ಟರಿನಲ್ಲಿ ಹೆಸರು ಬರೆಯುವಂತೆ, ವಿಳಾಸ ಕೇಳುವಾಗ ಕಂಪ್ಯೂಟರ್ ತನ್ನ ಹೆಸರನ್ನೂ ತಿಳಿಸುತ್ತದೆ. ಈ ಪದ್ಧತಿ ವಿಂಡೋಸ್‌ನದು ಮಾತ್ರವಲ್ಲ. ಡಿಎಚ್‌ಸಿಪಿಯ ಹನ್ನೆರಡನೆಯ ಆಯ್ಕೆ ಎಂದು ಕರೆಯಲಾಗುವ ಇದು 1997ರ ಅಂತರ್ಜಾಲ ಮಾನದಂಡದಲ್ಲಿಯೇ ಇದೆ. ನಿಮ್ಮ ಮನೆಯ ರೌಟರಿನ ಪುಟವನ್ನು ತೆರೆದರೆ ಫೋನು, ಟಿವಿಗಳ ನಡುವೆ ಲ್ಯಾಪ್‌ಟಾಪ್‌ನ ಹೆಸರೂ ಕಾಣುವುದು ಇದರಿಂದಲೇ. ಕಾರ್ಖಾನೆಯವರು ಆಕ್ಷೇಪಿಸಿದ್ದು ಇಷ್ಟಕ್ಕೇ ಆಗಿದ್ದರೆ, ಅದು ಆಕ್ಷೇಪಣೆಗೆ ಕಾರಣವೇ ಅಲ್ಲ ಎಂದು ನೀವು ವಿನಯದಿಂದ ಹೇಳಬಹುದಾಗಿತ್ತು. ಆದರೆ ನಿಮ್ಮ ಪತ್ರದಲ್ಲಿ ಅವರ ಡೊಮೈನ್ ಹೆಸರು ಬಾಲಕ್ಕೆ ಸೇರಿದೆ ಎಂಬ ಮಾತು ಇದೆ, ಆದ್ದರಿಂದ ವಿಷಯ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ.

ಆ ಹೆಜ್ಜೆಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಂಪ್ಯೂಟರ್‌ಗಳು ತಮ್ಮ ಹೆಸರು ಮತ್ತು ವಿಳಾಸವನ್ನು ಡಿಎನ್‌ಎಸ್ ಸರ್ವರ್‌ನಲ್ಲಿ ತಾವೇ ಬರೆದುಕೊಳ್ಳುವ ವ್ಯವಸ್ಥೆಯ ಮಾನದಂಡವೂ 1997ರಲ್ಲಿಯೇ ಬಂದಿತು. ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ 2000ದಲ್ಲಿ ಆ್ಯಕ್ಟಿವ್ ಡೈರೆಕ್ಟರಿಯ (ಸಂಸ್ಥೆಯ ಕಂಪ್ಯೂಟರ್‌ಗಳನ್ನೂ ಬಳಕೆದಾರರನ್ನೂ ಒಂದೆಡೆಯಿಂದ ನಿರ್ವಹಿಸುವ ವ್ಯವಸ್ಥೆ) ಜೊತೆಗೆ ಅಳವಡಿಸಿತು. ಮೇಜಿನಿಂದ ಅಲುಗಾಡದ ಕಂಪ್ಯೂಟರ್‌ಗಳ ಕಾಲ ಅದು. ಯಂತ್ರ ಆರಂಭವಾದಾಗ, ವಿಳಾಸ ಬದಲಾದಾಗ, ಮತ್ತೆ 24 ಗಂಟೆಗೊಮ್ಮೆ, ಪ್ರತಿಯೊಂದು ನೆಟ್‌ವರ್ಕ್ ಅಡಾಪ್ಟರ್‌ನ (ಕಂಪ್ಯೂಟರನ್ನು ಜಾಲಕ್ಕೆ ಸೇರಿಸುವ ಭಾಗ) ವಿಳಾಸವನ್ನೂ ಡಿಎನ್‌ಎಸ್‌ಗೆ ಬರೆಸುವುದು ಆಗ ಅನುಕೂಲವೇ ಆಗಿತ್ತು. ಇಂದಿನ ಲ್ಯಾಪ್‌ಟಾಪ್‌ಗೆ ವೈ-ಫೈ ಒಂದು ಅಡಾಪ್ಟರ್, ತಂತಿಯದು ಇನ್ನೊಂದು, ವಿಪಿಎನ್ ಮತ್ತೊಂದು. ಅದು ಬೆಳಿಗ್ಗೆ ಒಂದು ಜಾಲದಲ್ಲಿದ್ದರೆ ಸಂಜೆ ಇನ್ನೊಂದರಲ್ಲಿ. ನಿಯಮ ಮಾತ್ರ ಹಳೆಯದೇ.

ಈಗ ನಿಮ್ಮ ಐಟಿ ವಿಭಾಗದ ದೂರನ್ನು ಮೊದಲು ನೋಡೋಣ, ಏಕೆಂದರೆ ವಿಪಿಎನ್ ಬಳಸುವವರಲ್ಲಿ ಅತಿ ಸಾಮಾನ್ಯವಾದ ತೊಂದರೆ ಅದೇ. ನೀವು ಮನೆಯಲ್ಲಿ ವಿಪಿಎನ್ ಚಾಲೂ ಮಾಡಿದ ಕೂಡಲೇ ಕಚೇರಿಯ ಡಿಎನ್‌ಎಸ್ ಸರ್ವರ್ ನಿಮ್ಮ ಲ್ಯಾಪ್‌ಟಾಪ್‌ನ ಕೈಗೆಟುಕುತ್ತದೆ. ವಿಪಿಎನ್ ಅಡಾಪ್ಟರ್ ತನ್ನ ವಿಳಾಸವನ್ನು ಅಲ್ಲಿ ಬರೆಸುತ್ತದೆ, ಅದು ಸರಿಯಾದದ್ದೇ. ಅದರ ಬೆನ್ನಿಗೇ ವೈ-ಫೈ ಅಡಾಪ್ಟರ್ ಕೂಡ, ದಾರಿ ತೆರೆದಿದೆಯಲ್ಲ ಎಂದು, ನಿಮ್ಮ ಮನೆಯ ರೌಟರ್ ಕೊಟ್ಟ 192.168.1ರ ವಿಳಾಸವನ್ನು ಅದೇ ಹೆಸರಿನಡಿ ಬರೆಸಿಬಿಡುತ್ತದೆ. ಲ್ಯಾಪ್‌ಟಾಪ್ ನಿಮ್ಮ ಡೊಮೈನ್‌ನ ಸದಸ್ಯನೇ ಆಗಿರುವುದರಿಂದ ಸರ್ವರ್‌ಗೆ ಅನುಮಾನಪಡಲು ಕಾರಣವಿಲ್ಲ. ಹೀಗೆ ಒಂದು ಹೆಸರಿಗೆ ಎರಡು ವಿಳಾಸಗಳಾಗುತ್ತವೆ. ಐಟಿಯವರು ಹೆಸರಿನಿಂದ ಸಂಪರ್ಕಿಸಿದಾಗ ಒಮ್ಮೆ ಕೆಲಸವಾಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ. ದೋಷ ಹೀಗೆ ಬಂದು ಹೋಗುವಂಥದ್ದಾಗಿದ್ದರೆ ಈ ಕಾರಣವನ್ನೇ ಮೊದಲು ಶಂಕಿಸಬೇಕು. ಖಾಸಗಿ ವಿಳಾಸಗಳ ಈ ಶ್ರೇಣಿಯನ್ನು ಯಾರು ಬೇಕಾದರೂ ಬಳಸಬಹುದು ಎಂದು 1996ರಲ್ಲಿಯೇ ನಿಗದಿಯಾಗಿರುವುದರಿಂದ, ನಿಮ್ಮ ಸಂಸ್ಥೆಯ ಯಾವುದೋ ಶಾಖೆಯಲ್ಲಿಯೂ ಅದೇ ವಿಳಾಸದ ಪ್ರಿಂಟರ್ ಇರಬಹುದು. ಆಗ ನಿಮ್ಮ ಲ್ಯಾಪ್‌ಟಾಪ್ ಎಂದು ಕರೆದರೆ ಆ ಪ್ರಿಂಟರ್ ಓಗೊಡುತ್ತದೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ವಿಪಿಎನ್ ಚಾಲೂ ಇರುವಾಗ ಕಮಾಂಡ್ ಪ್ರಾಂಪ್ಟ್ ತೆರೆದು ‘ಎನ್‌ಎಸ್‌ಲುಕಪ್’ ಎಂಬ ಆದೇಶದೊಂದಿಗೆ ನಿಮ್ಮ ಲ್ಯಾಪ್‌ಟಾಪ್‌ನ ಪೂರ್ಣ ಹೆಸರನ್ನು ಕೊಟ್ಟು ನೋಡಿ. ಉತ್ತರದಲ್ಲಿ ಎರಡು ವಿಳಾಸಗಳು ಬಂದು, ಅವುಗಳಲ್ಲೊಂದು ಮನೆಯದ್ದಾಗಿದ್ದರೆ ರೋಗ ಪತ್ತೆಯಾದಂತೆ. ಪರಿಹಾರ ಒಂದು ಟಿಕ್ ಗುರುತಿನಲ್ಲಿದೆ. ವೈ-ಫೈ ಅಡಾಪ್ಟರ್‌ನ ಪ್ರಾಪರ್ಟೀಸ್‌ಗೆ ಹೋಗಿ, ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4ನ್ನು ಆಯ್ದು, ಅಡ್ವಾನ್ಸ್ಡ್ ಒತ್ತಿ, ಡಿಎನ್‌ಎಸ್ ಎಂಬ ಭಾಗವನ್ನು ತೆರೆದರೆ ಕೆಳತುದಿಯಲ್ಲಿ ಎರಡು ಚೌಕಗಳು ಕಾಣುತ್ತವೆ. ಮೊದಲನೆಯದು ‘ರಿಜಿಸ್ಟರ್ ದಿಸ್ ಕನೆಕ್ಷನ್ಸ್ ಅಡ್ರೆಸಸ್ ಇನ್ ಡಿಎನ್‌ಎಸ್’ ಎಂಬುದು. ಅದರಲ್ಲಿ ಮೊದಲಿನಿಂದಲೇ ಗುರುತು ಇರುತ್ತದೆ. ವೈ-ಫೈ ಅಡಾಪ್ಟರ್‌ನಲ್ಲಿ ಅದನ್ನು ತೆಗೆಯಬೇಕು. ವಿಪಿಎನ್ ಅಡಾಪ್ಟರ್‌ನಲ್ಲಿ ಅದು ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದ್ದರೆ ವರ್ಷನ್ 6ರ ಪುಟದಲ್ಲಿಯೂ ಇದೇ ಚೌಕ ಇರುತ್ತದೆ ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ತೊಡಕಿದೆ. ವೈ-ಫೈ ಅಡಾಪ್ಟರ್‌ನಲ್ಲಿ ಈ ಗುರುತನ್ನು ತೆಗೆದ ಮೇಲೆ, ನೀವು ಬೆಂಗಳೂರಿನ ಕಚೇರಿಗೇ ಹೋಗಿ ಅಲ್ಲಿನ ವೈ-ಫೈ ಬಳಸಿದಾಗಲೂ ಲ್ಯಾಪ್‌ಟಾಪ್ ತನ್ನನ್ನು ನೋಂದಾಯಿಸಿಕೊಳ್ಳುವುದಿಲ್ಲ. ಆ ಕೆಲಸವನ್ನು ಅಲ್ಲಿನ ಡಿಎಚ್‌ಸಿಪಿ ಸರ್ವರ್ ನಿಮ್ಮ ಪರವಾಗಿ ಮಾಡಬೇಕು. ಹಾಗೆ ಮಾಡಲು ಅದರಲ್ಲಿ, ತಾವಾಗಿ ಕೋರದ ಕಂಪ್ಯೂಟರ್‌ಗಳ ಪರವಾಗಿಯೂ ನಮೂದಿಸು ಎಂಬ ಆಯ್ಕೆಯನ್ನು ಐಟಿಯವರು ತೆರೆದಿಟ್ಟಿರಬೇಕು. ಆದ್ದರಿಂದಲೇ ಇದು ನೀವೊಬ್ಬರೇ ಮಾಡಿ ಮುಗಿಸುವ ಬದಲಾವಣೆಯಲ್ಲ. ಬಹುಶಃ ನಿಮ್ಮ ಲಾಗಿನ್‌ಗೆ ಆ ಚೌಕವನ್ನು ಮುಟ್ಟುವ ಅಧಿಕಾರವೂ ಇರಲಾರದು, ಇರಬಾರದು ಕೂಡ. ಆಡಳಿತಾಧಿಕಾರದ ಪಾಸ್‌ವರ್ಡನ್ನು ಹೇಗಾದರೂ ಪಡೆದು ಸರಿಮಾಡಿಕೊಳ್ಳಿ ಎಂದು ಸಲಹೆ ಕೊಡುವ ಗೆಳೆಯರಿಗೆ ಕಿವಿಗೊಡಬೇಡಿ. ಐಟಿಯವರು ಗ್ರೂಪ್ ಪಾಲಿಸಿಯಿಂದಲೋ, ಪವರ್‌ಶೆಲ್‌ನ ಒಂದು ಸಾಲಿನಿಂದಲೋ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಇದನ್ನು ಒಮ್ಮೆಗೇ ಹೇಳಬಲ್ಲರು. ನಿಮಗೆ ಬಂದ ತೊಂದರೆ ನಿಮ್ಮ ಸಹೋದ್ಯೋಗಿಗಳ ಯಂತ್ರಗಳಲ್ಲಿಯೂ ಇರುತ್ತದೆ, ಯಾರೂ ಇನ್ನೂ ನೋಡಿಲ್ಲವಷ್ಟೆ.

ಬದಲಾವಣೆಯ ಬಳಿಕ ‘ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್‌ಎಸ್’ ಎಂಬ ಆದೇಶ ಕೊಟ್ಟರೆ ನೋಂದಣಿ ಹೊಸದಾಗಿ ನಡೆಯುತ್ತದೆ. ದೋಷವೇನಾದರೂ ಇದ್ದರೆ 15 ನಿಮಿಷಗಳಲ್ಲಿ ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ ಕಾಣುತ್ತದೆ ಎಂದು ಆ ಆದೇಶವೇ ತಿಳಿಸುತ್ತದೆ. ಆತುರಪಟ್ಟು ಎರಡನೆಯ ನಿಮಿಷಕ್ಕೇ ನೋಡಿ ಎಲ್ಲ ಸರಿಯಾಯಿತು ಎಂದುಕೊಳ್ಳುವವರೇ ಹೆಚ್ಚು. ಸರ್ವರ್‌ನಲ್ಲಿ ಈಗಾಗಲೇ ಕುಳಿತಿರುವ ಹಳೆಯ ವಿಳಾಸವನ್ನು ಮಾತ್ರ ಐಟಿಯವರು ಕೈಯಾರೆ ಅಳಿಸುವುದೇ ಲೇಸು.

ಇನ್ನು ಕಾರ್ಖಾನೆಯವರ ದೂರು. ಸಾಮಾನ್ಯವಾಗಿ ನಿಮ್ಮ ಲ್ಯಾಪ್‌ಟಾಪ್ ಎಲ್ಲಿಗೆ ಹೋದರೂ ನಿಮ್ಮ ಸಂಸ್ಥೆಯ ಡೊಮೈನನ್ನೇ ಬಾಲಕ್ಕೆ ಇಟ್ಟುಕೊಂಡು ನೋಂದಣಿಗೆ ಯತ್ನಿಸುತ್ತದೆ. ಕಾರ್ಖಾನೆಯ ಸರ್ವರ್ ಆ ಡೊಮೈನಿಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಯತ್ನ ವಿಫಲವಾಗಿ, ಇವೆಂಟ್ ವ್ಯೂವರ್‌ನಲ್ಲಿ ಒಂದು ಎಚ್ಚರಿಕೆ ಮಾತ್ರ ಉಳಿಯುತ್ತದೆ. ಅವರ ಡೊಮೈನ್ ಬಾಲಕ್ಕೆ ಸೇರಬೇಕಾದರೆ ಎರಡು ಬಾಗಿಲುಗಳು ಒಟ್ಟಿಗೆ ತೆರೆದಿರಬೇಕು. ಒಂದು ನಿಮ್ಮ ಕಡೆಯದು: ಆಗಲೇ ಹೇಳಿದ ಚೌಕಗಳಲ್ಲಿ ಎರಡನೆಯದು, ‘ಯೂಸ್ ದಿಸ್ ಕನೆಕ್ಷನ್ಸ್ ಡಿಎನ್‌ಎಸ್ ಸಫಿಕ್ಸ್ ಇನ್ ಡಿಎನ್‌ಎಸ್ ರಿಜಿಸ್ಟ್ರೇಷನ್’ ಎಂಬುದು. ಇದರಲ್ಲಿ ಮೊದಲಿಗೆ ಗುರುತು ಇರುವುದಿಲ್ಲ. ಯಾರೋ ಯಾವುದೋ ಕಾರಣಕ್ಕೆ ಹಾಕಿದ್ದಾರೆ. ಗುರುತು ಇದ್ದರೆ ಲ್ಯಾಪ್‌ಟಾಪ್ ತಾನು ಸೇರಿದ ಜಾಲ ಕೊಟ್ಟ ಬಾಲವನ್ನೂ ಧರಿಸಿ ಅಲ್ಲಿ ಹೆಸರು ಬರೆಸಲು ಹೋಗುತ್ತದೆ. ಇನ್ನೊಂದು ಅವರ ಕಡೆಯದು: ಅವರ ಡಿಎನ್‌ಎಸ್ ವಲಯವು, ಅಂದರೆ ಅವರ ಡೊಮೈನಿನ ಹೆಸರುಗಳ ಪಟ್ಟಿಯು, ಗುರುತು ಪರಿಚಯ ಕೇಳದೆ ಯಾರು ಬರೆಸಿದರೂ ಬರೆದುಕೊಳ್ಳುವಂತೆ ತೆರೆದಿದೆ. ಆ್ಯಕ್ಟಿವ್ ಡೈರೆಕ್ಟರಿಗೆ ಸೇರಿದ ವಲಯದಲ್ಲಿ ‘ಸೆಕ್ಯೂರ್ ಓನ್ಲಿ’ ಎಂಬ ಆಯ್ಕೆ ಇದೆ. ಅದನ್ನು ಆರಿಸಿದ್ದರೆ ನಿಮ್ಮ ಲ್ಯಾಪ್‌ಟಾಪ್ ಎಷ್ಟೇ ಬಾಗಿಲು ತಟ್ಟಿದರೂ ಒಳಗೆ ಹೋಗುತ್ತಿರಲಿಲ್ಲ. ನಿಮ್ಮದು ಸಣ್ಣ ದೋಷ, ಅವರದು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಸದುದ್ದೇಶದ ಲೆಕ್ಕಪರಿಶೋಧಕನ ಯಂತ್ರ ಬರೆಸಬಹುದಾದರೆ, ದುರುದ್ದೇಶದವರು ಅವರ ಸರ್ವರ್‌ನ ಹೆಸರನ್ನೇ ಹೋಲುವ ಹೆಸರೊಂದನ್ನು ಬರೆಸಲೂ ಅಡ್ಡಿಯಿಲ್ಲ. ಇದನ್ನು ಅವರಿಗೆ ನೀವೇ ನೇರವಾಗಿ ಹೇಳುವುದಕ್ಕಿಂತ ನಿಮ್ಮ ಐಟಿ ವಿಭಾಗದ ಮೂಲಕ ಹೇಳಿಸುವುದು ಒಳ್ಳೆಯದು.

ಅವರಲ್ಲಿಗೆ ಮತ್ತೆ ಹೋದಾಗ ‘ಐಪಿಕಾನ್ಫಿಗ್ /ಆಲ್’ ಎಂದು ಕೊಟ್ಟರೆ ‘ಪ್ರೈಮರಿ ಡಿಎನ್‌ಎಸ್ ಸಫಿಕ್ಸ್’ ಎದುರು ನಿಮ್ಮ ಸಂಸ್ಥೆಯ ಡೊಮೈನ್, ‘ಕನೆಕ್ಷನ್ ಸ್ಪೆಸಿಫಿಕ್ ಡಿಎನ್‌ಎಸ್ ಸಫಿಕ್ಸ್’ ಎದುರು ಅವರ ಡೊಮೈನ್ ಕಾಣಬೇಕು. ಎರಡನೆಯದು ಅಲ್ಲಿ ಕಾಣುವುದು ತಪ್ಪಲ್ಲ. ಅದನ್ನು ನೋಂದಣಿಗೆ ಬಳಸುವುದಷ್ಟೇ ತಪ್ಪು.

ಕಚೇರಿಯ ಹೆಸರುಗಳು ಹೀಗೆ ಹೊರಗೆ ಚೆಲ್ಲುವುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಒಂದು ಪ್ರಸಂಗ ಇದೆ. ಆ್ಯಕ್ಟಿವ್ ಡೈರೆಕ್ಟರಿಯ ಆರಂಭದ ದಿನಗಳಲ್ಲಿ ಒಳಜಾಲಕ್ಕೆ ‘ಕಾರ್ಪ್’ ಎಂಬ ಹೆಸರನ್ನೇ ಉದಾಹರಣೆಯಾಗಿ ಕೊಡಲಾಗಿತ್ತು. ಅನೇಕ ಸಂಸ್ಥೆಗಳು ಬದಲಾಯಿಸದೆ ಅದನ್ನೇ ಉಳಿಸಿಕೊಂಡವು. ಆ ಸಂಸ್ಥೆಗಳ ಲ್ಯಾಪ್‌ಟಾಪ್‌ಗಳು ಹೊರಗಿನ ಕಾಫಿ ಅಂಗಡಿಯಲ್ಲಿ ಕುಳಿತು ಕಚೇರಿಯ ಸರ್ವರ್ ಹುಡುಕಿದಾಗ, ಹುಡುಕಾಟ ಕಾರ್ಪ್ ಡಾಟ್ ಕಾಮ್ ಎಂಬ ಸಾರ್ವಜನಿಕ ಡೊಮೈನಿಗೆ ಹೋಗಿ ಬೀಳುತ್ತಿತ್ತು. ಒಬ್ಬ ಖಾಸಗಿ ವ್ಯಕ್ತಿಯ ಒಡೆತನದಲ್ಲಿದ್ದ ಆ ಡೊಮೈನಿಗೆ 2019ರಲ್ಲಿ ನಡೆದ ಪರಿಶೀಲನೆಯ ವೇಳೆ ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳು ತಮಗೆ ತಿಳಿಯದೆಯೇ ಮಾಹಿತಿ ಕಳಿಸಲು ಯತ್ನಿಸಿದ್ದು ಕಂಡಿತು. ಕೊನೆಗೆ 2020ರಲ್ಲಿ ಮೈಕ್ರೋಸಾಫ್ಟ್ ಆ ಡೊಮೈನನ್ನು ತಾನೇ ಕೊಂಡುಕೊಂಡಿತು. ನಿಮ್ಮ ಸಂಸ್ಥೆಯ ಒಳಹೆಸರು ಸಂಸ್ಥೆಯೇ ಕೊಂಡ ಡೊಮೈನಿನದ್ದಾಗಿದ್ದರೆ ಈ ಭಯವಿಲ್ಲ.

ರೈಲು ನಿಲ್ದಾಣದ ಸಂಗತಿ ಇವೆರಡಕ್ಕಿಂತ ಸರಳ. ರೈಲ್‌ಟೆಲ್ ಸಂಸ್ಥೆ 2016ರಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿದ ನಿಲ್ದಾಣಗಳ ವೈ-ಫೈಗೆ ಎಲ್ಲ ಕಡೆಯೂ ರೈಲ್‌ವೈರ್ ಎಂಬ ಒಂದೇ ಹೆಸರು. ವಿಂಡೋಸ್ ಒಂದು ವೈ-ಫೈಯನ್ನು ಅದರ ಹೆಸರು ಮತ್ತು ಭದ್ರತೆಯ ಬಗೆಯಿಂದ ಗುರುತಿಸುತ್ತದೆಯೇ ಹೊರತು ಸ್ಥಳದಿಂದಲ್ಲ. ಆದ್ದರಿಂದ ಹುಬ್ಬಳ್ಳಿಯಲ್ಲಿ ಒಮ್ಮೆ ಸೇರಿಸಿದ ಲ್ಯಾಪ್‌ಟಾಪ್ ಬೇರೆ ನಿಲ್ದಾಣಗಳಲ್ಲಿಯೂ ತಾನಾಗಿ ಸೇರುತ್ತದೆ. ಅದೇ ಹೆಸರಿಟ್ಟುಕೊಂಡ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೂ ಸೇರಬಹುದು. ಒಟಿಪಿ ಕೊಡುವವರೆಗೆ ಇಂಟರ್ನೆಟ್ ಸಿಗದಿದ್ದರೂ, ವಿಳಾಸ ಕೇಳುವ ಮತ್ತು ಹೆಸರು ತಿಳಿಸುವ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ತೆರೆದು, ಮನೆ ಮತ್ತು ಕಚೇರಿಯದನ್ನು ಬಿಟ್ಟು ಉಳಿದವನ್ನೆಲ್ಲ ‘ಫರ್ಗೆಟ್’ ಮಾಡಿ. ಬೇಕೇ ಬೇಕೆನಿಸಿದ್ದನ್ನು ಇಟ್ಟುಕೊಂಡರೂ ತಾನಾಗಿ ಸೇರುವ ಗುರುತನ್ನು ತೆಗೆದಿಡಿ. ಕೆಲವು ಹೆಸರುಗಳು ಅಳಿಸಲು ಬಾರದಿದ್ದರೆ ಅವನ್ನು ಐಟಿಯವರೇ ಇಟ್ಟಿದ್ದಾರೆ ಎಂದು ತಿಳಿಯಬೇಕು. ಎಲ್ಲೆಲ್ಲಿ ಯಾವಾಗ ಸೇರಿತ್ತು ಎಂಬ ಕುತೂಹಲವಿದ್ದರೆ, ಆಡಳಿತಾಧಿಕಾರ ಉಳ್ಳವರು ‘ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್’ ಎಂಬ ಆದೇಶದಿಂದ ಕಳೆದ ಮೂರು ದಿನಗಳ ವರದಿಯನ್ನು ತೆಗೆದುಕೊಡಬಲ್ಲರು. ಐಟಿಯವರೊಂದಿಗೆ ವಾದಕ್ಕೆ ಕೂರುವ ಮೊದಲು ಆ ವರದಿ ಕೈಯಲ್ಲಿದ್ದರೆ ಅರ್ಧ ಮಾತು ಉಳಿಯುತ್ತದೆ.

ಪ್ರಶ್ನೆ: ಮೈಸೂರಿನ ಒಂದು ಖಾಸಗಿ ಶಿಕ್ಷಣ ಸಂಸ್ಥೆಯ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬಂದು ಹೋಗುವ ಸಂದರ್ಶಕರ ಲ್ಯಾಪ್‌ಟಾಪ್‌ಗಳ ಹೆಸರುಗಳು ಅವರು ಹೋದ ಎಷ್ಟೋ ಕಾಲದ ನಂತರವೂ ನಮ್ಮ ಡಿಎನ್‌ಎಸ್‌ನಲ್ಲಿ ಉಳಿದಿರುತ್ತವೆ. ಜೊತೆಗೆ ಫೈರ್‌ವಾಲ್‌ನ ದಾಖಲೆಯಲ್ಲಿ ‘ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್’ ಎಂಬ ವಿಳಾಸಕ್ಕೆ ನಮ್ಮ ಯಂತ್ರಗಳು ಏನನ್ನೋ ಕಳಿಸುತ್ತಿರುವುದು ಕಂಡು ಗಾಬರಿಯಾಗಿದೆ. ಕೈದಿ ಎಂಬ ಹೆಸರೇ ಹೆದರಿಸುವಂತಿದೆ. ಇದು ದಾಳಿಯೇ?

ಉತ್ತರ: ಹೆಸರು ಹೆದರಿಸುವಂತಿದ್ದರೂ ದಾಳಿಯಲ್ಲ. ಡಿಎನ್‌ಎಸ್‌ನಲ್ಲಿ ಹೆಸರಿನಿಂದ ವಿಳಾಸವನ್ನು ತೋರಿಸುವ ‘ಎ’ ನಮೂದು ಇರುವಂತೆ, ವಿಳಾಸದಿಂದ ಹೆಸರನ್ನು ತೋರಿಸುವ ‘ಪಿಟಿಆರ್’ ನಮೂದೂ ಇರುತ್ತದೆ. ವಿಂಡೋಸ್ ಜಾಲದಲ್ಲಿ ಸಾಮಾನ್ಯವಾಗಿ ಮೊದಲನೆಯದನ್ನು ಲ್ಯಾಪ್‌ಟಾಪ್ ತಾನೇ ಬರೆಸುತ್ತದೆ, ಎರಡನೆಯದನ್ನು ಡಿಎಚ್‌ಸಿಪಿ ಸರ್ವರ್ ಬರೆಸಲಿ ಎಂದು ಕೋರುತ್ತದೆ. ಈ ಎರಡನೆಯ ನಮೂದನ್ನು ಇಡಲು ನಿಮ್ಮ ಸರ್ವರ್‌ನಲ್ಲಿ ಹಿಮ್ಮುಖ ವಲಯ ಎಂಬುದೊಂದು ಇರಬೇಕು. ನೀವು ಅದನ್ನು ರಚಿಸಿಲ್ಲವೆಂದು ತೋರುತ್ತದೆ. ಆಗ ಬರೆಸಬೇಕಾದ ಯಂತ್ರ, ಈ ವಿಳಾಸಗಳ ವಲಯಕ್ಕೆ ಯಜಮಾನ ಯಾರು ಎಂದು ಹೊರಗಿನ ಅಂತರ್ಜಾಲವನ್ನೇ ಕೇಳುತ್ತದೆ. ಖಾಸಗಿ ವಿಳಾಸಗಳಿಗೆ ಹೊರಗೆ ಯಜಮಾನನೇ ಇಲ್ಲವಾದರೂ, ಇಂಥ ದಾರಿ ತಪ್ಪಿದ ಪ್ರಶ್ನೆಗಳು ಪ್ರಪಂಚದ ಮುಖ್ಯ ಡಿಎನ್‌ಎಸ್ ಸರ್ವರ್‌ಗಳ ಮೇಲೆ ಹೊರೆಯಾಗಬಾರದೆಂದು ಎಎಸ್112 ಎಂಬ ಯೋಜನೆಯಡಿ ಹಲವು ದೇಶಗಳಲ್ಲಿ ಸ್ವಯಂಸೇವಕ ಸಂಸ್ಥೆಗಳು ಪ್ರತ್ಯೇಕ ಸರ್ವರ್‌ಗಳನ್ನು ನಡೆಸುತ್ತವೆ. ಅವುಗಳಲ್ಲಿ ಬ್ಲ್ಯಾಕ್‌ಹೋಲ್ ಎಂಬ ಹೆಸರಿನ ಎರಡು ಸರ್ವರ್‌ಗಳು ಪ್ರಶ್ನೆಗಳಿಗೆ ಉತ್ತರಿಸುತ್ತವೆ. ಯಜಮಾನನೆಂದು ತೋರಿಸಲಾಗುವ ಹೆಸರು ಪ್ರಿಸನರ್. ನಿಮ್ಮ ಯಂತ್ರ ಅದನ್ನು ನಂಬಿ ನೋಂದಣಿಯ ಕೋರಿಕೆಯನ್ನು ಅಲ್ಲಿಗೆ ಕಳಿಸುತ್ತದೆ. ಅಲ್ಲಿ ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಹೆಸರಿಟ್ಟವರ ವಿನೋದಪ್ರಜ್ಞೆಯಿಂದ ಫೈರ್‌ವಾಲ್ ನೋಡುವ ಎಷ್ಟೋ ಮಂದಿಯ ನಿದ್ದೆ ಕೆಟ್ಟಿರಬೇಕು.

ನಿಮ್ಮ ಡಿಎನ್‌ಎಸ್ ಸರ್ವರ್‌ನಲ್ಲಿ ನೀವು ಬಳಸುವ ಪ್ರತಿಯೊಂದು ಖಾಸಗಿ ವಿಳಾಸ ಶ್ರೇಣಿಗೂ ಒಂದು ಹಿಮ್ಮುಖ ವಲಯವನ್ನು ರಚಿಸಿದರೆ ಈ ಕೋರಿಕೆಗಳು ಒಳಗೇ ಉಳಿಯುತ್ತವೆ. ಕಂಪ್ಯೂಟರ್‌ಗಳ ಹೆಸರು ಮತ್ತು ಒಳವಿಳಾಸ ಸಂಸ್ಥೆಯ ಹೊರಗೆ ಹೋಗುವುದು ದೊಡ್ಡ ಅಪಾಯವಲ್ಲದಿದ್ದರೂ, ಹೋಗದಿರುವುದೇ ಕ್ಷೇಮ.

ಉಳಿದುಹೋಗುವ ಹೆಸರುಗಳ ವಿಷಯದಲ್ಲಿ ಮಾಡಬೇಕಾದ ಕೆಲಸ ಹೆಚ್ಚಿದೆ. ವಿಂಡೋಸ್ ಡಿಎನ್‌ಎಸ್‌ನಲ್ಲಿ ಹಳತಾದ ನಮೂದುಗಳನ್ನು ಗುಡಿಸಿ ಹಾಕುವ ‘ಸ್ಕ್ಯಾವೆಂಜಿಂಗ್’ ಎಂಬ ವ್ಯವಸ್ಥೆ ಇದ್ದರೂ ಅದು ಮೊದಲಿಗೆ ಚಾಲೂ ಇರುವುದಿಲ್ಲ. ಸರ್ವರ್‌ನಲ್ಲೊಮ್ಮೆ, ವಲಯದಲ್ಲೊಮ್ಮೆ, ಎರಡು ಕಡೆಯೂ ಚಾಲೂ ಮಾಡಬೇಕು. ಒಂದು ಕಡೆ ಮಾತ್ರ ಮಾಡಿ, ಏನೂ ಆಗಲಿಲ್ಲವೆಂದು ಕೈಬಿಟ್ಟವರು ಬಹಳ. ನಮೂದನ್ನು ನವೀಕರಿಸಲು ಬಿಡದ 7 ದಿನ, ಆಮೇಲೆ ನವೀಕರಣಕ್ಕೆ ಕಾಯುವ 7 ದಿನ, ಒಟ್ಟು ಎರಡು ವಾರಗಳ ಲೆಕ್ಕ ಅದರಲ್ಲಿದೆ. ವಿಂಡೋಸ್ ಡಿಎಚ್‌ಸಿಪಿ ಸರ್ವರ್ ಒಂದು ವಿಳಾಸವನ್ನು ಕೊಡುವ ಅವಧಿ ಮೊದಲಿಗೆ 8 ದಿನ. ಒಂದು ಮಧ್ಯಾಹ್ನಕ್ಕೆ ಬಂದು ಹೋಗುವ ಸಂದರ್ಶಕರಿಗೆ 8 ದಿನ ವಿಳಾಸ ಕಾಯ್ದಿಡುವುದು ಅನವಶ್ಯಕ. ಹಾಗೆಂದು ಇರುವ ಜಾಲದಲ್ಲೇ ಈ ಅಂಕಿಗಳನ್ನು ಕಡಿಮೆ ಮಾಡುತ್ತಾ ಹೋದರೆ, ರಜೆಯಲ್ಲಿ ಆರಿಸಿಟ್ಟ ನಿಮ್ಮ ಪ್ರಯೋಗಾಲಯದ ಯಂತ್ರಗಳ ನಮೂದುಗಳೂ ಗುಡಿಸಿ ಹೋಗಿ, ಶಾಲೆ ತೆರೆದ ದಿನ ನಿಮಗೆ ಫೋನಿನ ಮೇಲೆ ಫೋನು ಬರುತ್ತದೆ.

ಸಂದರ್ಶಕರಿಗೆ ಬೇರೆ ವೈ-ಫೈ ಹೆಸರು, ಅದಕ್ಕೆ ಬೇರೆ ವಿಎಲ್ಯಾನ್ (ಅದೇ ತಂತಿಗಳ ಮೇಲೆ ಬೇರ್ಪಡಿಸಿಟ್ಟ ಜಾಲ), ಆ ವಿಎಲ್ಯಾನ್‌ಗೆ ಒಂದೆರಡು ಗಂಟೆಗಳ ವಿಳಾಸ ಅವಧಿ, ಮತ್ತು ಅಲ್ಲಿಂದ ನಿಮ್ಮ ಒಳ ಡಿಎನ್‌ಎಸ್‌ಗೆ ದಾರಿಯೇ ಇಲ್ಲದಂತೆ ಹೊರಗಿನ ಡಿಎನ್‌ಎಸ್ ಒಂದನ್ನು ಕೊಡುವುದು: ಇದನ್ನು ಮಾಡಿದರೆ ಸಂದರ್ಶಕರ ಲ್ಯಾಪ್‌ಟಾಪ್‌ಗಳು ಎಷ್ಟೇ ಯತ್ನಿಸಿದರೂ ನಿಮ್ಮ ಪಟ್ಟಿಗೆ ಬರಲಾರವು. ಒಳವಲಯವನ್ನು ‘ಸೆಕ್ಯೂರ್ ಓನ್ಲಿ’ಗೆ ಬದಲಿಸುವುದನ್ನೂ ಇದರ ಜೊತೆಗೇ ಮುಗಿಸಿ. ಬದಲಿಸುವ ಮೊದಲು, ಡೊಮೈನಿಗೆ ಸೇರದ ಪ್ರಿಂಟರ್, ಹಾಜರಾತಿ ಯಂತ್ರದಂಥವು ತಾವೇ ಹೆಸರು ಬರೆಸಿಕೊಳ್ಳುತ್ತಿವೆಯೇ ಎಂದು ನೋಡಿ, ಅವಕ್ಕೆ ಕೈಯಿಂದಲೇ ಸ್ಥಿರ ನಮೂದು ಮಾಡಿಟ್ಟುಬಿಡಿ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿದ್ದೇನೆ. ವಿದೇಶದ ಗ್ರಾಹಕ ಸಂಸ್ಥೆಯವರು ನನಗೆ ಅವರದೇ ಇಮೇಲ್ ಖಾತೆ ಕೊಟ್ಟರು. ಅದರಿಂದ ಟೀಮ್ಸ್‌ಗೆ ಪ್ರವೇಶಿಸಿದ ಮೇಲೆ, ನನ್ನ ಲ್ಯಾಪ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಸಂಸ್ಥೆಯ ಹೆಸರಿನ ಜೊತೆಗೆ ಆ ಸಂಸ್ಥೆಯ ಹೆಸರೂ ಕಾಣುತ್ತಿದೆ. ಇದೂ ಅದೇ ಬಗೆಯ ನೋಂದಣಿಯೇ?

ಉತ್ತರ: ಅಲ್ಲ; ಇದು ಡಿಎನ್‌ಎಸ್‌ಗೆ ಸಂಬಂಧಿಸಿದ್ದಲ್ಲ, ಇದರ ಪರಿಣಾಮವೂ ಹೆಚ್ಚು ಗಂಭೀರ. ನೀವು ಆ ಖಾತೆಯಿಂದ ಪ್ರವೇಶಿಸಿದಾಗ, ಎಲ್ಲ ಆ್ಯಪ್‌ಗಳಲ್ಲಿಯೂ ಈ ಖಾತೆ ಉಳಿಯಲಿ ಎಂಬ ಪುಟವೊಂದು ಬಂದಿರುತ್ತದೆ. ಅದರಲ್ಲಿ ‘ಅಲೌ ಮೈ ಆರ್ಗನೈಸೇಷನ್ ಟು ಮ್ಯಾನೇಜ್ ಮೈ ಡಿವೈಸ್’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿದ್ದಿರುತ್ತದೆ. ಸರಿ ಎಂದು ಒತ್ತಿದರೆ ನಿಮ್ಮ ಲ್ಯಾಪ್‌ಟಾಪ್ ಆ ಸಂಸ್ಥೆಯ ಮೈಕ್ರೋಸಾಫ್ಟ್ ಎಂಟ್ರಾ ಐಡಿಯಲ್ಲಿ (ಬಳಕೆದಾರರ ಮತ್ತು ಯಂತ್ರಗಳ ಗುರುತನ್ನು ಇಡುವ ಸೇವೆ) ನೋಂದಣಿಯಾಗುತ್ತದೆ. 2023ರವರೆಗೆ ಇದನ್ನೇ ಅಝೂರ್ ಆ್ಯಕ್ಟಿವ್ ಡೈರೆಕ್ಟರಿ ಎನ್ನುತ್ತಿದ್ದರು. ‘ಈ ಆ್ಯಪ್‌ಗೆ ಮಾತ್ರ ಪ್ರವೇಶ’ ಎಂಬ ಅರ್ಥದ ಸಣ್ಣ ಅಕ್ಷರದ ಕೊಂಡಿಯೊಂದು ಆ ಪುಟದ ಕೆಳಗಿರುತ್ತದೆ. ನೀವು ಒತ್ತಬೇಕಾಗಿದ್ದುದು ಅದನ್ನು. ಹಾಕಬೇಕಾದ ಗುರುತನ್ನು ಮೊದಲೇ ಹಾಕಿಟ್ಟು, ಬೇಡವೆನ್ನುವ ದಾರಿಯನ್ನು ಕಣ್ಣಿಗೆ ಬೀಳದಂತೆ ಇಡುವುದು ನನಗಂತೂ ಒಪ್ಪಿಗೆಯಾಗದ ಪದ್ಧತಿ.

ನೋಂದಣಿಯಾದ ಮಾತ್ರಕ್ಕೆ ಅವರು ನಿಮ್ಮ ಲ್ಯಾಪ್‌ಟಾಪನ್ನು ನಿಯಂತ್ರಿಸುತ್ತಾರೆ ಎಂದಲ್ಲ. ನೋಂದಣಿಯ ಜೊತೆಗೇ ಯಂತ್ರವನ್ನು ಇನ್‌ಟ್ಯೂನ್‌ನಂಥ ನಿರ್ವಹಣಾ ವ್ಯವಸ್ಥೆಗೂ ಸೇರಿಸಿಕೊಳ್ಳುವಂತೆ ಅವರು ಹೊಂದಿಸಿದ್ದರೆ ಮಾತ್ರ ಅವರ ನಿಯಮಗಳು ಅದರ ಮೇಲೆ ನಡೆಯುತ್ತವೆ. ಒಂದು ವಿಂಡೋಸ್ ಯಂತ್ರ ಒಂದು ಹೊತ್ತಿಗೆ ಒಂದೇ ಇಂಥ ವ್ಯವಸ್ಥೆಯ ಅಧೀನದಲ್ಲಿರಬಲ್ಲದು. ನಿಮ್ಮ ಸಂಸ್ಥೆ ಈಗಾಗಲೇ ಅದನ್ನು ನಿರ್ವಹಿಸುತ್ತಿದ್ದರೆ ಆ ಭಯ ಕಡಿಮೆ. ಆದರೂ ನಿಮ್ಮ ಯಂತ್ರದ ಹೆಸರು, ಅದರ ಆಪರೇಟಿಂಗ್ ಸಿಸ್ಟಂ ವಿವರ ಅವರ ಪಟ್ಟಿಯಲ್ಲಿರುತ್ತವೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಡಿಎಸ್‌ರೆಗ್‌ಸಿಎಂಡಿ /ಸ್ಟೇಟಸ್’ ಎಂದು ಕೊಟ್ಟರೆ ಯಂತ್ರವು ಯಾವ ಸಂಸ್ಥೆಗೆ ಪೂರ್ಣ ಸದಸ್ಯ, ಯಾವ ಸಂಸ್ಥೆಗೆ ಬರಿಯ ನೋಂದಾಯಿತ ಎಂಬುದು ತಿಳಿಯುತ್ತದೆ. ‘ವರ್ಕ್‌ಪ್ಲೇಸ್ ಜಾಯಿನ್ಡ್’ ಎಂಬ ಸಾಲಿನೆದುರು ಯೆಸ್ ಎಂದಿದ್ದರೆ ನಿಮ್ಮ ಊಹೆ ನಿಜ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ‘ಆ್ಯಕ್ಸೆಸ್ ವರ್ಕ್ ಆರ್ ಸ್ಕೂಲ್’ ತೆರೆದು, ಗ್ರಾಹಕ ಸಂಸ್ಥೆಯ ಖಾತೆಯನ್ನು ಆಯ್ದು ‘ಡಿಸ್‌ಕನೆಕ್ಟ್’ ಮಾಡಿ. ಆಯ್ಕೆ ಮಾಡುವಾಗ ಎರಡು ಸಲ ಓದಿಕೊಳ್ಳಿ: ಕೈತಪ್ಪಿ ನಿಮ್ಮ ಸ್ವಂತ ಸಂಸ್ಥೆಯ ಸಂಪರ್ಕವನ್ನು ಕಡಿದರೆ ಮರುದಿನ ಲಾಗಿನ್ ಆಗಲಾರದೆ ಐಟಿಯವರ ಮುಂದೆ ನಿಲ್ಲಬೇಕಾಗುತ್ತದೆ. ಆಮೇಲೆ ಆ ಖಾತೆಯನ್ನು ಬ್ರೌಸರ್‌ನ ಪ್ರತ್ಯೇಕ ಪ್ರೊಫೈಲ್‌ನಲ್ಲಿ ಮಾತ್ರ ಬಳಸಿ. ಗ್ರಾಹಕರು ನೋಂದಾಯಿತ ಯಂತ್ರದಿಂದಷ್ಟೇ ಪ್ರವೇಶ ಎಂದು ಕಡ್ಡಾಯ ಮಾಡಿದ್ದರೆ, ಅದು ಎರಡೂ ಸಂಸ್ಥೆಗಳು ಕೂತು ತೀರ್ಮಾನಿಸಬೇಕಾದದ್ದು. ನಿಮ್ಮ ಒಂದು ಕ್ಲಿಕ್‌ನಿಂದ ತೀರ್ಮಾನವಾಗಬೇಕಾದದ್ದಲ್ಲ. ನಿಮ್ಮ ಐಟಿಯವರು ಬಯಸಿದರೆ ‘ಬ್ಲಾಕ್ ಎಎಡಿ ವರ್ಕ್‌ಪ್ಲೇಸ್ ಜಾಯಿನ್’ ಎಂಬ ರಿಜಿಸ್ಟ್ರಿ ಮೌಲ್ಯವನ್ನು 1ಕ್ಕೆ ಇಟ್ಟು ಇಂಥ ನೋಂದಣಿಯನ್ನೇ ಎಲ್ಲ ಯಂತ್ರಗಳಲ್ಲಿ ತಡೆಯಬಹುದು.

ಪ್ರಶ್ನೆ: ಕಚೇರಿಯಲ್ಲಿ ಕೆಲವರಿಗೆ ಮ್ಯಾಕ್‌ಬುಕ್, ಕೆಲವರಿಗೆ ಉಬುಂಟು ಇರುವ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಇವುಗಳಿಗೂ ಈ ಚಾಳಿ ಇದೆಯೇ?

ಉತ್ತರ: ಡಿಎಚ್‌ಸಿಪಿಗೆ ಹೆಸರು ತಿಳಿಸುವ ಮತ್ತು ಪರಿಚಿತ ವೈ-ಫೈಗೆ ತಾನಾಗಿ ಸೇರುವ ಚಾಳಿ ಇವೆರಡಕ್ಕೂ ಇದೆ. ಮ್ಯಾಕ್‌ನಲ್ಲಿ ಪ್ರತಿ ವೈ-ಫೈ ಹೆಸರಿಗೂ ‘ಆಟೊ ಜಾಯಿನ್’ ಎಂಬ ಸ್ವಿಚ್ ಇದೆ. ಸಾರ್ವಜನಿಕ ಜಾಲಗಳಿಗೆ ಅದನ್ನು ಆಫ್ ಮಾಡಬೇಕು. ಹೊಸ ಮ್ಯಾಕ್‌ಬುಕ್ ಬಂದಾಗ ಅದಕ್ಕೆ ಬಳಸುವವರ ಸ್ವಂತ ಹೆಸರೇ ಅಂಟಿಕೊಂಡಿರುತ್ತದೆ, ಹೀಗಾಗಿ ಯಾರು ಯಾವ ಹೋಟೆಲಿನಲ್ಲಿ ಕುಳಿತಿದ್ದಾರೆ ಎಂಬುದು ಆ ಹೋಟೆಲಿನ ರೌಟರಿನಲ್ಲಿ ಹೆಸರು ಸಮೇತ ದಾಖಲಾಗುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಯಂತ್ರದ ಹೆಸರನ್ನು ಬದಲಿಸಿ, ಕಚೇರಿಯ ಆಸ್ತಿ ಸಂಖ್ಯೆಯಂಥದ್ದನ್ನು ಇಟ್ಟುಕೊಳ್ಳುವುದು ಉಚಿತ. ಉಬುಂಟುವಿನಲ್ಲಿ ಜಾಲಗಳನ್ನು ನೆಟ್‌ವರ್ಕ್ ಮ್ಯಾನೇಜರ್ ನೋಡಿಕೊಳ್ಳುತ್ತದೆ. ಅದರಲ್ಲಿ ಪ್ರತಿ ಜಾಲಕ್ಕೂ ತಾನಾಗಿ ಸೇರಬೇಕೇ ಬೇಡವೇ ಎಂಬ ಆಯ್ಕೆಯ ಜೊತೆಗೆ, ಡಿಎಚ್‌ಸಿಪಿಗೆ ಹೆಸರನ್ನು ಕಳಿಸಬೇಕೇ ಬೇಡವೇ ಎಂಬ ಪ್ರತ್ಯೇಕ ಆಯ್ಕೆಯೂ ಇದೆ; ಕಿಟಕಿಯಲ್ಲಿ ಕಾಣದಿದ್ದರೂ ‘ಎನ್‌ಎಂಸಿಎಲ್‌ಐ’ ಆದೇಶದಿಂದ ಬದಲಿಸಬಹುದು. ಈ ವಿಷಯದಲ್ಲಿ ಮೂರರಲ್ಲಿ ಬಳಕೆದಾರನಿಗೆ ಹೆಚ್ಚು ಹಿಡಿತ ಕೊಡುವುದು ಇದೇ. ಡಿಎನ್‌ಎಸ್‌ನಲ್ಲಿ ತಾನೇ ಹೆಸರು ಬರೆಸುವ ಉಸಾಬರಿಗೆ ಉಬುಂಟು ತಾನಾಗಿ ಹೋಗುವುದಿಲ್ಲ. ನಿಮ್ಮ ಐಟಿಯವರು ಅದನ್ನು ಎಸ್‌ಎಸ್‌ಎಸ್‌ಡಿ ಎಂಬ ಜೋಡಣೆಯ ತಂತ್ರಾಂಶದ ಮೂಲಕ ಆ್ಯಕ್ಟಿವ್ ಡೈರೆಕ್ಟರಿಗೆ ಸೇರಿಸಿದ್ದರೆ ಮಾತ್ರ ಅದೂ ವಿಂಡೋಸ್‌ನಂತೆಯೇ ಬರೆಸಲು ಹೊರಡುತ್ತದೆ, ಆಗ ‘ಡಿವೈಎನ್‌ಡಿಎನ್‌ಎಸ್ ಅಪ್‌ಡೇಟ್’ ಎಂಬ ಸಾಲನ್ನು ಅದರ ಸಂರಚನಾ ಕಡತದಲ್ಲಿ ‘ಫಾಲ್ಸ್’ ಎಂದು ಬದಲಿಸಲು ಅವರನ್ನೇ ಕೇಳಬೇಕು.